ಕಂಪ್ಯೂಟರ್ ಹೇಳುತ್ತಿದ್ದ ಹೆಸರು

ಗವಿಪುರಂನ ಒಂದು ಓಣಿಯಲ್ಲಿರುವ ಆಂಜನೇಯನ ದೇವಸ್ಥಾನದಲ್ಲಿ ಸೇವಾ ಕೌಂಟರ್ ನೋಡಿಕೊಳ್ಳುವವರು ದೊರೆಸ್ವಾಮಿ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತರಾದ ಮೇಲೆ ಮನೆಯಲ್ಲಿ ತಮ್ಮ ಮಾತು ಕೇಳುವವರಿಲ್ಲವೆಂದು ಇಲ್ಲಿ ಬಂದು ಕೂತರು, ಕೂತು ಬಹಳ ವರ್ಷವಾಯಿತು. "ಗೋತ್ರ? ನಕ್ಷತ್ರ? ಹೆಸರು?" ಎಂದು ಅವರು ಕೇಳುವ ಧಾಟಿಗೆ ಎಷ್ಟೋ ಜನ ತಮ್ಮ ನಕ್ಷತ್ರವನ್ನೇ ಮರೆತು ತಲೆ ಕೆರೆದುಕೊಂಡಿದ್ದಾರೆ.

ಆ ದೇವಸ್ಥಾನದಲ್ಲಿ ಶಾಶ್ವತ ಸೇವೆಯ ಪದ್ಧತಿಯಿದೆ. ಒಮ್ಮೆ ದುಡ್ಡು ಕಟ್ಟಿದರೆ ಸಾಕು, ಪ್ರತಿ ವರ್ಷ ಗೊತ್ತುಮಾಡಿದ ದಿನ ಅವರು ಬರೆಸಿದ ಹೆಸರನ್ನು ಅರ್ಚಕರು ಮೈಕಿನಲ್ಲಿ ಹೇಳಿ ಅರ್ಚನೆ ಮಾಡುತ್ತಾರೆ. ಮನೆಯವರು ಬರಲಿ ಬಿಡಲಿ, ಹೆಸರು ತಪ್ಪುವಂತಿಲ್ಲ. ಯಾವ ದಿನ ಯಾರ ಹೆಸರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಮಾತ್ರವಿತ್ತು. ಚಾಮರಾಜಪೇಟೆಯ ಕೈಲಾಸ್ ಓದುತ್ತಿದ್ದ ಕಾಲದಲ್ಲಿ ಬರೆದುಕೊಟ್ಟ ಸಾಫ್ಟ್‌ವೇರ್ ಅದು. ಅವನ ತಲೆ ನರೆತರೂ ಸಾಫ್ಟ್‌ವೇರ್ ಮಾತ್ರ ಹಾಗೇ ಉಳಿದಿತ್ತು.

ಈ ಸಲ ಶ್ರಾವಣದ ಮೊದಲ ಶನಿವಾರದ ಹಿಂದಿನ ಸಂಜೆ ಕಂಪ್ಯೂಟರ್ ಅಪ್‌ಡೇಟ್ ಕೇಳಿತು. ದೊರೆಸ್ವಾಮಿಯವರು ಆಗಲಿ ಎಂದು ಒತ್ತಿ ಮನೆಗೆ ಹೋದರು. ಬೆಳಿಗ್ಗೆ ಬಂದರೆ ಸಾಫ್ಟ್‌ವೇರ್ ತೆರೆಯಲೊಲ್ಲದು. ಕಂಪ್ಯೂಟರಿಗೂ ನಮ್ಮ ನೆಂಟರ ಹಾಗೆ ಹಬ್ಬದ ಹೊತ್ತಿಗೇ ಮುನಿಸು ಬರುತ್ತದೆ. ಹೊರಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಕೈಲಾಸನಿಗೆ ಫೋನ್ ಹೋಯಿತು.

"ರೈಟ್ ಕ್ಲಿಕ್ ಮಾಡಿ ಸರ್, ಪ್ರಾಪರ್ಟೀಸ್‌ಗೆ ಹೋಗಿ. ಕಂಪ್ಯಾಟಿಬಿಲಿಟಿ ಅಂತಿದೆ ನೋಡಿ, ಅದ್ರಲ್ಲಿ ಹಳೇ ವರ್ಷನ್ ಸೆಲೆಕ್ಟ್ ಮಾಡಿ."

ಮಾಡಿದರು. ಚಕ್ರ ಸುತ್ತಿತು, ನಿಂತಿತು. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ ಎಂದ, ಅದೂ ಆಗಲಿಲ್ಲ. ಆಫ್ ಮಾಡಿ ಆನ್ ಮಾಡಿದರೂ ಅದೇ ಕಥೆ.

"ಡೇಟಾ ಎಲ್ಲೂ ಹೋಗಿಲ್ಲ ಸರ್, ಒಳಗೇ ಇದೆ. ಅದನ್ನ ತೆಗೆಯೋ ಪ್ರೋಗ್ರಾಮೇ ಓಡ್ತಿಲ್ಲ. ನಾನು ಊರಲ್ಲಿಲ್ಲ, ಸೋಮವಾರ ಬಂದು ಅಪ್‌ಡೇಟ್ ವಾಪಸ್ ತೆಗೀತೀನಿ. ಅಲ್ಲೀವರ್ಗೂ ಏನೂ ಮುಟ್ಟೋಕೆ ಹೋಗ್ಬೇಡಿ."

ದೊರೆಸ್ವಾಮಿಯವರು ಬಂದವರನ್ನು ಕೇಳಿ ಕೇಳಿ ಹೆಸರುಗಳನ್ನು ಚೀಟಿಯಲ್ಲಿ ಬರೆಯತೊಡಗಿದರು. ಅರ್ಚಕ ವಸಿಷ್ಠ ಇಣುಕಿ, "ಉಳಿದವ್ರಿಗೆಲ್ಲ ಸಮಸ್ತ ಭಕ್ತಾದಿಗಳು ಅಂತ ಹೇಳ್ಬಿಡ್ತೀನಿ ಬಿಡಿ ಮಾಮ," ಎಂದ. ಅವರಿಗೆ ರೇಗಿತು. ಶಾಶ್ವತ ಎಂದು ರಸೀದಿಗೆ ರುಜು ಹಾಕಿದವರು ತಾವು.

"ಸಮಸ್ತ ಅಂದ್ರೆ ಯಾರೂ ಅಲ್ಲ ಕಣಯ್ಯ!"

ಕಂಬದ ಪಕ್ಕ ಮುನಿಯಮ್ಮ ನಿಂತಿದ್ದರು. ಗಂಡನ ಜೊತೆ ಬಳೇಪೇಟೆಯಲ್ಲಿ ತಳ್ಳುಗಾಡಿಯ ಮೇಲೆ ಬಳೆ ಮಾರುತ್ತಿದ್ದವರು, ಈಗ ವೈಯಾಲಿಕಾವಲ್‌ನ ಮಗಳ ಮನೆಯಲ್ಲಿದ್ದಾರೆ. ಗಂಡ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸೇವೆ ಬರೆಸಿದ್ದರು. ವರ್ಷವೂ ಈ ದಿನ ಬಸ್ಸು ಬದಲಿಸಿಕೊಂಡು ಬಂದು, ಮೈಕಿನಲ್ಲಿ ಆ ಒಂದು ಹೆಸರು ಕೇಳಿ, ಕೈ ಮುಗಿದು ಹೊರಟುಬಿಡುತ್ತಿದ್ದರು.

"ಅಮ್ಮಾ, ನಿಮ್ಮ ಯಜಮಾನ್ರ ಹೆಸರು ಹೇಳಿ."

"ಕಂಪ್ಯೂಟ್ರಲ್ಲೈತಲ್ಲ ಸಾಮಿ."

"ಅದು ಕೆಟ್ಟಿದೆ. ನೀವೇ ಹೇಳಿ."

ಸೆರಗು ಬಾಯಿಗೆ ಹೋಯಿತು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಕೇಳಿ ಬೆಳೆದ ಜೀವ ಅದು. ಹೋದವರಿಗೆ ಇನ್ನೆಲ್ಲಿಯ ಆಯುಸ್ಸು ಎಂಬ ಮಾತು ದೊರೆಸ್ವಾಮಿಯವರ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. ಸೇವೆ ಬರೆಸುವಾಗ ಹೆಸರು ಹೇಳಿದವಳು ಮಗಳು ನಂದಿತಾ. ಅವಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಗಂಡನ ಹೆಸರಿದ್ದ ಆಧಾರ್ ಕಾರ್ಡ್ ಮನೆಯಲ್ಲಿತ್ತು. ಬರೆದುಕೊಡಿ ಎನ್ನೋಣವೆಂದರೆ ಮುನಿಯಮ್ಮನಿಗೆ ಅಕ್ಷರ ಬಾರದು. ಅಷ್ಟರಲ್ಲಿ ವಸಿಷ್ಠ ಮೈಕು ಹಿಡಿದಾಗಿತ್ತು.

"ಈಗ ಹೇಳ್ಲಿಲ್ಲ ಅಂದ್ರೆ ಈ ವರ್ಷ ಅವ್ರ ಹೆಸ್ರು ಬರಲ್ಲಮ್ಮ," ಎಂದರು ದೊರೆಸ್ವಾಮಿ. ಪಾಪ ಅನ್ನಿಸಿ ದನಿ ತಗ್ಗಿಸಿದರು. "ನನ್ನೊಬ್ಬನಿಗೆ ಕೇಳೋ ಹಾಗೆ ಹೇಳಿ, ಸಾಕು."

ಮುನಿಯಮ್ಮ ಕಿಂಡಿಯ ಹತ್ತಿರ ಬಗ್ಗಿ ತುಟಿ ಅಲ್ಲಾಡಿಸಿದರು. ಗಂಟೆಯ ಸದ್ದಿನಲ್ಲಿ ಏನೂ ಕೇಳಲಿಲ್ಲ.

"ಜೋರಾಗಿ ಹೇಳಿ!"

"ದೊಡ್ಡಬೈರಪ್ಪಾ!"

ದೂರ ಹೋಗುತ್ತಿರುವವರನ್ನು ಕೂಗಿ ಕರೆದ ಹಾಗಿತ್ತು. ಸಾಲಿನಲ್ಲಿದ್ದವರೆಲ್ಲ ಬೆಚ್ಚಿ ನೋಡಿದರು. ಮುನಿಯಮ್ಮ ಬಾಗಿಲ ಕಡೆ ತಿರುಗಿ ನೋಡಿದರು. ದೊರೆಸ್ವಾಮಿಯವರು ಹೆಸರು ಬರೆದು ಚೀಟಿಯನ್ನು ಒಳಗೆ ಕಳಿಸಿದರು. ಮೈಕಿನಲ್ಲಿ ಹೆಸರು ಬಂತು. ಮುನಿಯಮ್ಮನ ಕೈ ಮೇಲೇಳಲಿಲ್ಲ, ಕಿಂಡಿಯ ಸರಳನ್ನು ಹಿಡಿದುಕೊಂಡಿತ್ತು.

"ಆವತ್ತು ಪೇಟೇಲಿ ಲಾರಿ ಹಿಂದಕ್ಕೆ ಬರ್ತಿತ್ತು ಸಾಮಿ. ಇವ್ರು ಗಾಡಿ ಚಕ್ರ ನೋಡ್ತಾ ಬಗ್ಗಿದ್ರು. ರೀ, ರೀ ಅಂತ ಬಡ್ಕಂಡೆ. ಬೀದೀಲಿದ್ದ ಗಂಡಸ್ರೆಲ್ಲ ತಿರುಗಿ ನೋಡಿದ್ರು. ಇವ್ರೊಬ್ರು ತಿರುಗ್ಲಿಲ್ಲ."