ಕೂಗುವ ಒಲೀವ ಬೇಲಿಯೊಳಗೆ ಇಳಿದದ್ದು

ವಿಚೆಂಜಾ ಪಟ್ಟಣದ ಜಾಂಕನಾತೊ ಮನೆತನದಲ್ಲಿ ದಾರಿ ತಪ್ಪಿದವರಿಗೆ ಕೂಗಿ ಹೇಳಲು ಮೊದಲು ತೋಟದ ಬುರುಜು ಹತ್ತಿದವಳು ಒಲೀವಳ ಮುತ್ತಜ್ಜಿ ಫಿಲೊಮೆನಾ. ಆಗ ತೋಟ ಇನ್ನೂ ಊರ ದೊರೆ ಕೌಂಟನದು. ಕೌಂಟನ ಮನೆಗೆ ಉಳಿಯಲು ಬಂದಿದ್ದ ಬಿಷಪ್ಪ ತನ್ನ ಪರಿವಾರದೊಡನೆ, ಆಟಕ್ಕೆಂದು ದಾರಿ ತಪ್ಪಿಸುವಂತೆ ನೆಟ್ಟ ಸುತ್ತುಬೇಲಿಯನ್ನು ಹೊಕ್ಕ ಬೆಳಗ್ಗೆ ಮಂಜು ಇಳಿದು ತನ್ನ ಅಂಗೈ ತನಗೇ ಕಾಣದಂತಾಯಿತು. ಫಿಲೊಮೆನಾ ಬುರುಜಿನ ಮೇಲೆ ಕಿವಿ ನಿಮಿರಿಸಿ ಕೂತಳು. ಯಾರ ಕೆಮ್ಮು ಯಾವ ಮೂಲೆಯಿಂದ ಬರುತ್ತದೆ ಎಂದು ಗುರುತು ಹಿಡಿದು, ಪಾದ್ರಿಗಳನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕರೆದಳು. ಬಿಷಪ್ಪ ಕೊನೆಗೆ ಬಂದ, ಏಕೆಂದರೆ ಮರ್ಯಾದೆಗೆ ಅಂಜಿ ಅವನು ಕೆಮ್ಮಲೇ ಇಲ್ಲ.

ಅವಳ ಮಗಳು ಬೆನ್ವೆನೂತಾ. ಯುದ್ಧದ ಕಾಲದಲ್ಲಿ ಬ್ರೆಡ್ಡು ಸುಡುವವನೊಬ್ಬನನ್ನು ಅಟ್ಟಿಕೊಂಡು ಬಂದ ಇಬ್ಬರು ಸಿಪಾಯಿಗಳಿಗೆ ಅವಳು ಮಧ್ಯಾಹ್ನವಿಡೀ ದಾರಿ ತೋರಿಸಿದಳು, ಒಳಗೊಳಗೇ ತೋರಿಸಿದಳು. ಅವರು ಹೊರಬರುವಷ್ಟರಲ್ಲಿ ಬ್ರೆಡ್ಡಿನವನು ಹೊಳೆ ದಾಟಿ ಗುಡ್ಡ ಸೇರಿದ್ದ. ಬೆನ್ವೆನೂತಾಳ ಮಗಳು ಅಸುಂತಾ. ದಿನ ಬೆಳಗಾದರೆ ಹಸಿ ಮೊಟ್ಟೆಯೊಂದನ್ನು ಒಡೆದು ಗಂಟಲಿಗೆ ಸುರಿದುಕೊಳ್ಳುತ್ತಿದ್ದ ಅವಳು ಇಲ್ಲಿ ಕೂಗಿದರೆ ಅಲ್ಲಿ ಪೇಟೆಯಲ್ಲಿ ಮೀನು ಮಾರುವವರು ತಲೆ ಎತ್ತುತ್ತಿದ್ದರು. ಈ ಮನೆಯ ಗಂಡಸರು ಬೇಲಿ ಕತ್ತರಿಸುವವರು. ಅವರ ಹೆಸರು ಯಾರಿಗೂ ನೆನಪಿಲ್ಲ. ಬೇಲಿ ನೆಟ್ಟಗಿದ್ದರೆ ಅದೇ ಅವರ ಹೆಸರು.

ಈ ಅಸುಂತಾಳ ಮಗಳು ಒಲೀವ.

ಸುತ್ತುಬೇಲಿಯ ಹಸುರು ಗೋಡೆ ಆಳೆತ್ತರಕ್ಕೂ ಮಿಗಿಲು. ನಡುವೆ ಇಬ್ಬರು ಪಕ್ಕಪಕ್ಕ ನಡೆಯುವಷ್ಟು ದಾರಿ. ಅದು ಕವಲೊಡೆಯುತ್ತದೆ, ಹಿಂದಕ್ಕೆ ಹೊರಳುತ್ತದೆ, ಕುರುಡು ಮೂಲೆಗೆ ತಂದು ನಿಲ್ಲಿಸಿ ಕೈ ಚೆಲ್ಲುತ್ತದೆ. ನಟ್ಟನಡುವಿನ ಕಲ್ಲುಕಟ್ಟೆಯ ಮೇಲೊಂದು ಗಂಟೆ. ಅದನ್ನು ಬಾರಿಸಿ ಬಂದ ಮಗು ಆ ದಿನದ ಮಟ್ಟಿಗೆ ರಾಜ. ಕೌಂಟನ ವಂಶ ಮುಗಿದು ತೋಟ ಪಟ್ಟಣಸಭೆಯ ಕೈಗೆ ಬಂದ ಮೇಲೆ, ಮಕ್ಕಳು ಮರಿ ಕಟ್ಟಿಕೊಂಡು ಊರು ನೋಡಲು ಬಂದವರೆಲ್ಲ ಚರ್ಚು, ಅರಮನೆ ಎಂದು ಅಲೆದು, ಇನ್ನು ಒಂದು ಕಂಬ ತೋರಿಸಿದರೂ ಮಕ್ಕಳು ನೆಲಕ್ಕೆ ಬಿದ್ದು ಹೊರಳುತ್ತಾರೆ ಎನ್ನುವ ಹೊತ್ತಿಗೆ ಬರುವುದು ಇಲ್ಲಿಗೇ.

ಬುರುಜು ಇರುವುದು ಬೇಲಿಯ ತುದಿಯಲ್ಲಿ, ಜಾಂಕನಾತೊ ಮನೆಗೆ ಅಂಟಿಕೊಂಡು. ಬಾಗಿಲು ಅದಕ್ಕೆ ಎದುರು, ಆಚೆ ತುದಿಯಲ್ಲಿ. ಕೂಗುವವಳಿಗೆ ಕಟ್ಟಳೆಗಳಿವೆ. ಒಳಗಿರುವವರು ಕೈ ಎತ್ತುವ ತನಕ ಅವಳು ಬಾಯಿ ತೆರೆಯುವಂತಿಲ್ಲ. ಕೇಳದೆ ದಾರಿ ಹೇಳಿದರೆ ಆಟವೇ ಕೆಟ್ಟಿತು. ಕೈ ಎತ್ತಿದವರನ್ನು ಮೊದಲು ಬುರುಜಿನ ಕಡೆ ಮುಖ ಮಾಡಿಸಬೇಕು. ಆಮೇಲೆ ಅವರ ಎಡ, ಅವರ ಬಲ ಹೇಳಬೇಕು. ಎದುರುಬದುರು ನಿಂತಾಗ ಅವರ ಎಡವೆಂದರೆ ಇವಳ ಬಲಗೈ. ಈ ಮನೆಯ ಹೆಣ್ಣುಮಕ್ಕಳಿಗೆ ತೊದಲು ಮಾತು ಬಿಡುವಾಗಲೇ ಬಲಗೈ ಬೀಸಿ 'ಎಡ' ಎನ್ನುವುದನ್ನು ಕಲಿಸುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಮತ್ತೊಂದು: ಕೂಗುವವಳ ಕಾಲು ಬೇಲಿಯೊಳಗೆ ಬೀಳಬಾರದು. ಕೆಳಗೆ ನಡೆದವಳ ಮೈಗೆ ಕೆಳಗಿನ ಎಡಬಲ ಹತ್ತಿಕೊಂಡರೆ ಮೇಲಿನದು ಮರೆತು ಹೋಗುತ್ತದೆ ಎಂಬುದು ಫಿಲೊಮೆನಾ ಕಾಲದಿಂದ ಬಂದ ಮಾತು.

ಹಾಗಾಗಿ ಊರೂರಿನ ಮಕ್ಕಳು ಬಂದು ಆಡಿ ಹೋಗುವ ಜಾಗದಲ್ಲಿ ಒಲೀವ ಒಬ್ಬಳೇ ಆಡಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಅಣ್ಣ ಒತ್ತೊರೀನೊನ ಹಿಂದೆ ಬಾಗಿಲಿನೊಳಗೆ ನುಸುಳಿದ್ದಳು. ಅಸುಂತಾ ಕಿವಿ ಹಿಡಿದು ಎಳೆದು ತಂದಳು. "ಅವನು ಹೋಗ್ಬಹುದು, ನೀನು ಹೋಗಬಾರ್ದು. ನಿನ್ನ ಜಾಗ ಮೇಲೆ," ಎಂದಳು. ಜಾಗವೇನೋ ಮೇಲೆಯೇ. ನಾಲ್ಕು ಜನ ನಿಂತರೆ ಮೈಗೆ ಮೈ ತಾಗುವಷ್ಟು ಅಗಲದ ಕಲ್ಲುಹಾಸು, ಎದೆಮಟ್ಟದ ಗೋಡೆ, ತಲೆಯ ಮೇಲೆ ಬಿಸಿಲು. ಭಾನುವಾರ, ಹಬ್ಬ, ಬೇಸಿಗೆಯ ರಜೆ ಎಂದು ಲೋಕವೆಲ್ಲ ಹೊರಗೆ ಹೊರಟಾಗ ಅವಳಿಗೆ ಅಲ್ಲಿ ನಿಲ್ಲುವ ಕೆಲಸ.

ಇಪ್ಪತ್ತು ದಾಟಿದಾಗ ಜಿನೊ ಎಂಬ ಸೈಕಲ್ ರಿಪೇರಿಯವನು ಬುರುಜಿನ ಬುಡದಲ್ಲಿ ನಿಂತು ಟೋಪಿ ತಿರುವುತ್ತಾ ಕರೆದ.

"ಒಲೀವ, ಬಾ. ಗಂಟೆ ತನಕ ಹೋಗಿ ಬರೋಣ."

"ನಾನು ಒಳಗೆ ಬರೋ ಹಾಗಿಲ್ಲ."

"ಯಾವತ್ತೂ ಬರೋ ಹಾಗಿಲ್ವಾ?"

"ಯಾವತ್ತೂ."

ಅವನು ಒಂದು ಬೇಸಿಗೆ ಕಾದ. ಮುಂದಿನ ಬೇಸಿಗೆಗೆ ವಾಂದಾ ಎನ್ನುವ ಟೋಪಿ ಹೊಲಿಯುವವಳ ಜೊತೆ ಒಳಗೆ ಹೋದ. ಇಬ್ಬರೂ ನಗುನಗುತ್ತಲೇ ದಾರಿ ತಪ್ಪಿ ಕೈ ಎತ್ತಿದರು. ಒಲೀವ ಬಾಯಿ ತೆರೆದು ಕೂಗಿದಳು: "ನನ್ನ ಕಡೆ ಮುಖ ಮಾಡಿ. ಎಡ. ಎಡ. ನೇರ." ಅವರನ್ನು ಹೊರಗೆ ತಲುಪಿಸಿದಳು. ಗಂಟಲು ಒಂದಿಷ್ಟೂ ನಡುಗಲಿಲ್ಲ. ಆ ರಾತ್ರಿ ಅವಳು ಮೆಕ್ಕೆಜೋಳದ ಮುದ್ದೆಯಂಥ ಪೊಲೆಂಟ ತಿನ್ನಲಿಲ್ಲ ಎಂಬುದಷ್ಟೇ ಮನೆಯವರು ಕಂಡದ್ದು.

ಆಮೇಲಿನ ವರ್ಷಗಳೆಲ್ಲ ಒಂದೇ ಅಚ್ಚಿನವು. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಮ್ಮೆ ಬೊಲೊನ್ಯದಿಂದ ಬಂದ ಒಂದು ಸಂಸಾರ ಕುರುಡು ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಮಗಳು ಅಳುತ್ತಿದ್ದಳು. ಅಪ್ಪ ಮಾತ್ರ ಕೈ ಎತ್ತನು.

"ಎತ್ತಿ ಅಂದ್ರೆ ಎತ್ತಿ! ಮಗೂಗೆ ಉಚ್ಚೆ ಬಂದಿದೆ," ಎಂದಳು ಹೆಂಡತಿ.

"ಒಂದ್ನಿಮಿಷ ಇರೇ. ದಾರಿ ಹೊಳೀತಾ ಇದೆ."

"ನಿಮಗೆ ನಮ್ಮನೆ ಬಚ್ಚಲುಮನೆ ದಾರಿ ಹೊಳೆದ್ರೇನೇ ಪುಣ್ಯ!"

"ಬೆಕ್ಕು ತಿನ್ನೋರ ಊರಿನ ಬೇಲಿ ಕಣೇ ಇದು, ನೆಟ್ಟಗೆ ಎಲ್ಲಿರುತ್ತೆ?"

ವಿಚೆಂಜಾದವರನ್ನು ಸುತ್ತಲಿನ ಊರಿನವರು ಕೆಣಕುವುದು ಹೀಗೆಯೇ. ಒಲೀವ ಬೇಕೆಂದೇ ಗೋಡೆಗೆ ಒರಗಿ ಆಕಾಶ ನೋಡುತ್ತಾ ನಿಂತಳು. ಕೊನೆಗೆ ಕೈ ಎತ್ತಿದ್ದು ಮಗು. "ಹಳದಿ ಲಂಗದ ಪುಟ್ಟಮ್ಮ, ನನ್ನ ಕಡೆ ನೋಡು! ಈಗ ಬಲಕ್ಕೆ. ಅಪ್ಪನ ಕೈ ಬಿಡ್ಬೇಡ, ಅವರು ಕಳೆದು ಹೋಗ್ತಾರೆ!" ಎಂದು ಕೂಗಿದಾಗ ಬೇಲಿಯೊಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸ್ವಲ್ಪ ಹೊತ್ತಿಗೆ ಆ ಮಗು ಹೊರಗೆ ನಿಂತು ಕೈ ಬೀಸಿ ಹೋಯಿತು. ಅವಳು ದಾರಿ ತೋರಿಸಿದವರೆಲ್ಲ ಹೋಗುವವರೇ. ಇರುವವಳು ಇವಳು.

ಐವತ್ತಾರು ತುಂಬಿದ ವರ್ಷ, ಈಸ್ಟರ್ ಹತ್ತಿರ ಬಂದಾಗ, ಒತ್ತೊರೀನೊ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಬೇಲಿ ಅರ್ಧ ಕತ್ತರಿಸಿಯಾಗಿತ್ತು, ಅರ್ಧ ಹಾಗೇ ಇತ್ತು. ವಸಂತದ ಚಿಗುರು ದಾರಿಗೆ ಅಡ್ಡ ಚಾಚಿಕೊಳ್ಳುತ್ತಿತ್ತು. ಈಸ್ಟರ್ ಮಾರನೆಯ ಸೋಮವಾರ ಎಂದರೆ ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಹೊರಬೀಳುವ ದಿನ. ಪಟ್ಟಣಸಭೆಯಿಂದ ತೋಟ ನೋಡಿಕೊಳ್ಳುವ ಪೆರುತ್ಸೊ ಬಂದು ಮಂಚದ ಪಕ್ಕ ಕುರ್ಚಿ ಎಳೆದು ಕೂತ. ಕೆಟ್ಟವನಲ್ಲ; ಬರುವಾಗ ರೋಗಿಗೆಂದು ಕಿತ್ತಳೆ ತಂದಿದ್ದ.

"ನೋಡಿ ಒತ್ತೊರೀನೊ, ಸೋಮವಾರಕ್ಕೆ ಬೇಲಿ ಸಿದ್ಧ ಆಗ್ಲಿಲ್ಲ ಅಂದ್ರೆ ನಾನು ಹೊರಗಿನ ಗುತ್ತಿಗೆದಾರನ್ನ ಕರೀಬೇಕಾಗತ್ತೆ. ಅವನು ಮಷೀನ್ ತರ್ತಾನೆ. ಬೇಲಿನ ಸೊಂಟದ ಮಟ್ಟಕ್ಕೆ ಇಳಿಸೋಣ ಅಂತಾನೆ. ಯೋಚನೆ ಮಾಡಿದ್ರೆ ಅದೂ ಒಳ್ಳೇದೇ. ಯಾವ ಮಗೂನೂ ತಪ್ಪಿಸ್ಕೊಳ್ಳಲ್ಲ, ಯಾವ ತಾಯಿನೂ ಅಳಲ್ಲ."

"ತಪ್ಪಿಸ್ಕೊಳ್ಳದೆ ಇರೋಕೆ ಅವರು ಇಲ್ಲಿಗ್ಯಾಕೆ ಬರ್ತಾರೆ? ರಸ್ತೆ ಮೇಲೆ ನಡೀಲಿ," ಎಂದಳು ಒಲೀವ.

"ಸಿನ್ಯೋರಿನಾ, ನಿಮಗೂ ವಯಸ್ಸಾಯ್ತು. ಆ ಮೆಟ್ಟಿಲು ಹತ್ತಿ ಇಳಿಯೋದು ಎಷ್ಟು ದಿನ?" ಎಂದ ಪೆರುತ್ಸೊ. ಮದುವೆಯಾಗದ ಹೆಂಗಸನ್ನು ಅಲ್ಲಿ 'ಸಿನ್ಯೋರಿನಾ' ಎಂದೇ ಕರೆಯುವುದು.

ಅವನು ಎದ್ದು ಹೋದ ಮೇಲೆ ಅವಳು ಅಣ್ಣನ ಬೇಲಿಕತ್ತರಿಯನ್ನು ಗೂಟದಿಂದ ಇಳಿಸಿ ಅಲಗಿಗೆ ಎಣ್ಣೆ ಸವರತೊಡಗಿದಳು. ಒತ್ತೊರೀನೊ ದಿಂಬಿನಿಂದ ತಲೆ ಎತ್ತಿದ.

"ಏನ್ ಮಾಡ್ತಾ ಇದ್ದೀಯ?"

"ಕಾಣಲ್ವಾ?"

"ಅಮ್ಮ ಗೋರಿಯಿಂದ ಎದ್ದು ಬರ್ತಾಳೆ, ನೋಡ್ತಿರು."

"ಬರಲಿ. ಒಂದು ಕತ್ತರಿ ಅವಳ ಕೈಗೂ ಕೊಡ್ತೀನಿ."

"ಒಲೀವ, ತಮಾಷೆ ಬಿಡು. ಸೊಂಟಕ್ಕೆ ಒಂದು ದಾರ ಕಟ್ಕೊಂಡು ಹೋಗು. ತುದಿ ಬಾಗಿಲಿಗೆ ಬಿಗಿ."

"ದಾರ ಕಟ್ಟೋಕೆ ನಾನೇನು ಮೇಕೆನಾ? ಈ ಬೇಲಿಯ ಒಂದೊಂದು ತಿರುವೂ ನನಗೆ ಬಾಯಿಪಾಠ."

"ಬಾಯಿಗೆ ಗೊತ್ತು. ಕಾಲಿಗೆ?"

ಅವಳು ಕತ್ತರಿ ಹೆಗಲಿಗೇರಿಸಿ ಹೊರಟಳು.

ಮೊದಲು ಹೊರಸುತ್ತಿನ ಬೇಲಿಗಳನ್ನು ಹಿಡಿದಳು. ಬಾಗಿಲಿನ ಹತ್ತಿರವೇ ಇದ್ದುದರಿಂದ ತೊಂದರೆಯಾಗಲಿಲ್ಲ. ತೋಳು ಸೋತವು, ಅಂಗೈಯಲ್ಲಿ ಗುಳ್ಳೆಗಳೆದ್ದವು, ಕುತ್ತಿಗೆಯೊಳಗೆ ಎಲೆಚೂರು ಇಳಿದು ನವೆಯಾಯಿತು. ಆದರೂ ಬೇಲಿ ಗೋಡೆಯ ಹಾಗೆ ನೆಟ್ಟಗೆ ನಿಂತಿತು. ಕಿಟಕಿಯಿಂದ ಕಾಣುವಷ್ಟನ್ನು ನೋಡಿ ಒತ್ತೊರೀನೊ "ಪರವಾಗಿಲ್ಲ" ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಶನಿವಾರ ಒಳಸುತ್ತು ಉಳಿದಿತ್ತು. ಬೆಳಗ್ಗೆಯೇ ತಳ್ಳುಗಾಡಿ ನೂಕಿಕೊಂಡು ಹೊಕ್ಕಳು. ಕೂಗಿ ಕೂಗಿ ಸವೆದ ದಾರಿ, ನಾಲಗೆಯ ಮೇಲೆ ತಾನಾಗಿ ಉರುಳುವ ದಾರಿ. ಗೊಣಗಿಕೊಳ್ಳುತ್ತಾ ನಡೆದಳು: ಎಡ, ಎಡ, ನೇರ, ಬಲ, ಮತ್ತೆ ಎಡ. ಸಿಕ್ಕ ಚಿಗುರನ್ನೆಲ್ಲ ಕತ್ತರಿಸಿದಳು. ಒಂದು ಸಾಲು ಮುಗಿಸಿ ಕಸ ತುಂಬಲೆಂದು ತಿರುಗಿದರೆ ತಳ್ಳುಗಾಡಿ ಇರಬೇಕಾದ ಕಡೆ ಗಾಡಿ ಇಲ್ಲ. ಹಿಂದಿನ ತಿರುವಿನಲ್ಲಿ ಬಿಟ್ಟಿರಬೇಕೆಂದು ಹೋದಳು. ಅಲ್ಲೂ ಇಲ್ಲ. ಬ್ರೆಡ್ಡು, ನೀರು ಎಲ್ಲ ಅದರಲ್ಲಿತ್ತು. ಇನ್ನೊಂದು ತಿರುವು ಹೊರಳಿದಳು. ಕಾಲ ಕೆಳಗೆ ಎಲೆಚೂರು ಕಂಡಿತು. ತಾನೇ ಕತ್ತರಿಸಿದ್ದು.

ಮೇಲಿನಿಂದ ನೋಡಿದಾಗ ಬೇಲಿ ಎಂದರೆ ಮೇಜಿನ ಮೇಲೆ ಹರಡಿದ ಕಸೂತಿ ಬಟ್ಟೆ; ಯಾವ ಎಳೆ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ಹೇಳಬಹುದಿತ್ತು. ಇಲ್ಲಿ ಬಟ್ಟೆಯೂ ಇಲ್ಲ, ಎಳೆಯೂ ಇಲ್ಲ. ಮುಂದೆ ಹಸುರು, ಹಿಂದೆ ಹಸುರು, ಮೇಲೆ ಆಕಾಶದ ಒಂದು ಪಟ್ಟಿ, ಅದರ ಅಂಚಿಗೆ ಖಾಲಿ ಬುರುಜು. ಗಾಳಿ ಕೂಡ ಒಳಗೆ ಬರಲು ಅಂಜಿದಂತಿತ್ತು. ಹಸಿ ಎಲೆಯ ಕಹಿವಾಸನೆ ಮೂಗು ತುಂಬಿತು. ಬೇಗ ಬೇಗ ನಡೆದಷ್ಟೂ ಅದೇ ಮೂಲೆ, ಅದೇ ಬುಡ ಕೊರೆದ ಕಾಂಡ. ಇಷ್ಟು ವರ್ಷ ಮಕ್ಕಳು ಅಳುವುದನ್ನು ಕೇಳಿ 'ಇಷ್ಟಕ್ಕೆಲ್ಲ ಅಳಬೇಕೇ' ಎಂದುಕೊಂಡಿದ್ದಳು. ಈಗ ಸರದಿ ಅವಳದು. ಇಡೀ ಊರಿಗೆ ಕೇಳುವ ಗಂಟಲು, ಕೂಗಿದರೆ ಕೇಳಿಸಿಕೊಳ್ಳುವವರು ಬುರುಜಿನ ಮೇಲೆ ಯಾರೂ ಇಲ್ಲ.

ಕತ್ತರಿ ಕೆಳಗಿಟ್ಟು ಕಣ್ಣು ಮುಚ್ಚಿ ನಿಂತಳು. 'ಎಡ' ಎಂದಳು ಮೆಲ್ಲಗೆ. ಕಣ್ಣು ತೆರೆದು ನೋಡಿದರೆ ಎದ್ದಿದ್ದದ್ದು ಬಲಗೈ. ಆಗ ತಿಳಿಯಿತು. ಬಾಯಿ ಸರಿಯಾಗಿಯೇ ಹೇಳಿತ್ತು. ಎದುರಿಗಿರುವವರ ಎಡವನ್ನು ತೋರಿಸಿ ತೋರಿಸಿ ಪಳಗಿದ ಮೈ ಮಾತ್ರ ಬೆಳಗ್ಗೆಯಿಂದ ಪ್ರತಿ ತಿರುವಿನಲ್ಲೂ ಉಲ್ಟಾ ಹೊರಳಿತ್ತು. ಕೆಳಗೆ ನಡೆದರೆ ಮೇಲಿನದು ಮರೆಯುತ್ತದೆ ಎಂದು ಅಜ್ಜಿಯರು ಹೆದರಿದ್ದರು. ಮೇಲೆ ನಿಂತವಳಿಗೆ ಕೆಳಗಿನದು ಹುಟ್ಟುವುದೇ ಇಲ್ಲ ಎಂದು ಒಬ್ಬರೂ ಹೇಳಿರಲಿಲ್ಲ. ಅವಳಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟು. ತಪ್ಪು ತಿಳಿದರೇನು, ತಾನೀಗ ಎಲ್ಲಿ ನಿಂತಿದ್ದೇನೆ ಎಂಬುದು ತಿಳಿಯಬೇಡವೇ?

ಅಷ್ಟರಲ್ಲಿ ಮೇಲಿನಿಂದ ದನಿ ಬಂತು. ಕತ್ತೆತ್ತಿದರೆ ಬುರುಜಿನ ಮೇಲೆ ಪೆರುತ್ಸೊ. ಕೆಲಸ ಎಲ್ಲಿಗೆ ಬಂತೆಂದು ನೋಡಲು ಹತ್ತಿದ್ದ. ತಾನು ನಿಲ್ಲುವ ಜಾಗದಲ್ಲಿ ಇನ್ನೊಬ್ಬರು ನಿಂತದ್ದನ್ನು ಅವಳು ಕೆಳಗಿನಿಂದ ನೋಡಿದ್ದು ಅದೇ ಮೊದಲು.

"ಸಿನ್ಯೋರಿನಾ ಒಲೀವ! ಆಗಿನಿಂದ ನೋಡ್ತಾ ಇದ್ದೀನಿ, ಅದೇ ಮೂಲೆಗೇ ಬಂದು ಬಂದು ನಿಲ್ತಾ ಇದ್ದೀರಲ್ಲ!"

"ಆ ಮೂಲೆ ಸರಿಯಾಗಿ ಕತ್ತರಿಸಿರ್ಲಿಲ್ಲ."

"ಗಾಡಿ ಆಚೆ ಸಾಲಲ್ಲಿದೆ. ನೀವು ಎಲ್ಲಿದ್ದೀರಿ ಅಂತ ನಿಮಗೇ ಗೊತ್ತಿಲ್ಲ, ಹೌದು ತಾನೇ?"

ಅವಳು ಕಾಲಿನಿಂದ ಎಲೆಚೂರನ್ನು ಬೇಲಿಯ ಬುಡಕ್ಕೆ ಸರಿಸಿದಳು.

"ಇದನ್ನೇ ನಾನು ಹೇಳಿದ್ದು. ಇಷ್ಟು ವರ್ಷ ಕೂಗಿದ ನೀವೇ ದಿಕ್ಕು ತಪ್ಪಿದ್ರೆ, ಸೋಮವಾರ ಬರೋ ಮಕ್ಕಳ ಗತಿ ಏನು? ಬೇಲಿ ಇಳಿಸಿಬಿಡೋಣ, ಎಲ್ಲರಿಗೂ ನೆಮ್ಮದಿ." ಆಮೇಲೆ ಗೋಡೆಯ ಮೇಲೆ ಬಗ್ಗಿ ದನಿ ತಗ್ಗಿಸಿದ. "ಇರ್ಲಿ, ಅದೆಲ್ಲ ಆಮೇಲೆ ನೋಡೋಣ. ಬಿಸಿಲು ಏರ್ತಾ ಇದೆ. ಒಂದೇ ಒಂದು ಸಲ ಕೈ ಎತ್ತಿ, ಕರ್ಕೊಂಡು ಬರ್ತೀನಿ. ಯಾರ ಹತ್ರಾನೂ ಹೇಳಲ್ಲ, ದೇವರಾಣೆ."

ತೋಳು ಎತ್ತಲು ಎಷ್ಟು ಹೊತ್ತು ಬೇಕು? ಬಾಯಿ ಒಣಗಿತ್ತು. ಎತ್ತಿದರೆ ಗಳಿಗೆಯಲ್ಲಿ ಹೊರಗೆ. ಎತ್ತಿದರೆ ಸೋಮವಾರದ ಆಚೆಗೆ ಬೇಲಿ ಉಳಿಯುವುದಿಲ್ಲ ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅವಳು ಬಗ್ಗಿ ಕತ್ತರಿ ಎತ್ತಿಕೊಂಡಳು. ಎದೆತುಂಬ ಉಸಿರೆಳೆದುಕೊಂಡು, ಬೀದಿಯವರಿಗೂ ಕೇಳುವ ಹಾಗೆ ಕೂಗಿದಳು:

"ಹೌದು ಪೆರುತ್ಸೊ ಸಾಹೇಬ್ರೆ, ನಾನು ಎಲ್ಲಿದ್ದೀನಿ ಅಂತ ನನಗೆ ಗೊತ್ತಿಲ್ಲ. ಗೊತ್ತಾಗದೆ ಸುತ್ತೋಕೆ ಅಲ್ವೇನ್ರೀ ಇದನ್ನ ನೆಟ್ಟಿದ್ದು? ನಿಮ್ಮ ಮೊಮ್ಮಕ್ಕಳು ಸುತ್ತಿದ್ರೆ ಆಟ, ನಾನು ಸುತ್ತಿದ್ರೆ ಗತಿಗೇಡಾ? ಕೆಳಗಿಳೀರಿ ಮೊದ್ಲು. ಮನೇಲಿ ನಿಮ್ಮ ಊಟ ಆರಿ ಹೋಗ್ತಾ ಇರುತ್ತೆ. ಇನ್ನೂ ಎರಡು ಸಾಲು ಕತ್ತರಿಸೋದಿದೆ, ದಾರಿ ಸಿಕ್ಕಿದಾಗ ನಾನೇ ಬರ್ತೀನಿ. ನೀವು ನನ್ನನ್ನ ಕೂಗ್ಬೇಡಿ."