ಕೆಂಪು ನಲ್ಲಿಯ ನೀರು, ಆರು ಕೆಸುವಿನೆಲೆ

ಕೆಸುವಿನ ಬುಡಕ್ಕೆ ಬಿಸಿನೀರು ಸುರಿದದ್ದು ನಾನೇ. ಅಷ್ಟು ಖಚಿತ. ಅದರ ಹಿಂದಿನ ಸಂಜೆ ಏನಾಯಿತು ಎಂಬುದರಲ್ಲಿ ಮಾತ್ರ ನನ್ನ ನೆನಪನ್ನು ನಂಬುವಂತಿಲ್ಲ. ನನ್ನ ಜೊತೆ ವಾಸವಿದ್ದ ಹಮೀದಾಕ ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ ಎಂದು ಒಮ್ಮೆ ಅನಿಸುತ್ತಿತ್ತು. ಅವರು ಹೇಳಲೇ ಇಲ್ಲ ಎಂದು ಇನ್ನೊಮ್ಮೆ. ಬಹಳ ದಿನ ಎರಡನೆಯದನ್ನೇ ಹಿಡಿದುಕೊಂಡಿದ್ದೆ, ಏಕೆಂದರೆ ಅದರಲ್ಲಿ ನನ್ನ ತಪ್ಪು ಕಡಿಮೆ.

ಊರಿನ ಓದುಗರಿಗೆ ಮೊದಲು ಇಲ್ಲಿನ ನೀರಿನ ವಿಷಯ ಹೇಳಬೇಕು. ಬಹರೈನಿಗೆ ಬಂದ ಮೊದಲ ಜುಲೈಯಲ್ಲಿ ಮುಖ ತೊಳೆಯಲು ನೀಲಿ ಗುರುತಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ. ತಾರಸಿಯ ಟ್ಯಾಂಕಿಯಲ್ಲಿ ಇಡೀ ದಿನ ಕಾದ ನೀರು. ನನ್ನ ಕೂಗು ಕೇಳಿ ಬಾಗಿಲಲ್ಲಿ ನಿಂತು ನಕ್ಕವರು ಹಮೀದಾಕ.

“ಎಂತ ಮಾಷ್ಟ್ರೇ, ಓದಿದವರು ನೀವು, ಬಣ್ಣ ನೋಡಿ ನಂಬುದಾ? ಬೇಸಿಗೆಯಲ್ಲಿ ಇಲ್ಲಿ ಕೆಂಪು ನಲ್ಲಿಯೇ ತಣ್ಣೀರು.”

ಹಮೀದಾಕ ಉಳ್ಳಾಲದ ಕಡೆಯ ಬ್ಯಾರಿ, ನನಗಿಂತ ಹದಿನೈದು ವರ್ಷ ಹಿರಿಯರು, ಒಂದು ಗುತ್ತಿಗೆ ಕಂಪನಿಯ ಡ್ರೈವರ್. ಅದ್ಲಿಯಾದ ಅಂಚಿನ ಹಳೆಯ ಕಟ್ಟಡದಲ್ಲಿ ನಾವಿಬ್ಬರೂ ಒಂದು ಫ್ಲ್ಯಾಟ್ ಹಂಚಿಕೊಂಡಿದ್ದೆವು. ಊರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಅತಿಥಿ ಉಪನ್ಯಾಸಕನಾಗಿದ್ದು ಈಗ ಸಲ್ಮಾಬಾದಿನ ಗೋದಾಮಿನಲ್ಲಿ ಕಾಗದಪತ್ರ ನೋಡಿಕೊಳ್ಳುವ ನನ್ನನ್ನು ಮಾಷ್ಟ್ರು ಎಂದು ಕರೆಯುತ್ತಿದ್ದವರು ಇಲ್ಲಿ ಅವರೊಬ್ಬರೇ. ನಾವು ಮಾತಾಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಕಲಿಸಿದ ಉಪಾಯ ಇದು. ಬೇಸಿಗೆ ಬಂದ ಕೂಡಲೇ ಬಚ್ಚಲಿನ ಹೀಟರಿನ ಸ್ವಿಚ್ಚು ಆರಿಸಬೇಕು. ಹೀಟರಿನ ಡ್ರಮ್ಮು ಕೋಣೆಯ ನೆರಳಿನಲ್ಲಿರುವುದರಿಂದ ಅದರೊಳಗೆ ನಿಂತ ನೀರು ತಣಿಯುತ್ತದೆ, ಕೆಂಪು ನಲ್ಲಿಯಲ್ಲಿ ಬರುತ್ತದೆ. ಚಳಿ ಶುರುವಾದಾಗ ಮತ್ತೆ ಸ್ವಿಚ್ಚು ಹಾಕಬೇಕು, ಹಾಕಿದವರು ಮನೆಯಲ್ಲಿ ಎಲ್ಲರಿಗೂ ಹೇಳಬೇಕು. ಹೇಳದಿದ್ದರೆ ಯಾರಾದರೂ ಬೇಯುತ್ತಾರೆ. ಊರಿನಲ್ಲಿ ಬಾವಿಗೆ ಕೊಡ ಇಳಿಸಿದರೆ ಚೈತ್ರದಲ್ಲೂ ತಣ್ಣಗಿನ ನೀರೇ. ಅಲ್ಲಿ ನೀರಿನ ಬಗ್ಗೆ ಯಾರೂ ಯಾರಿಗೂ ಸೂಚನೆ ಕೊಡಬೇಕಾಗಿರಲಿಲ್ಲ.

ಕೆಸು ಬಂದದ್ದು ಹಮೀದಾಕನ ಹಿತ್ತಲಿನಿಂದ. ಒಂದು ಸಂಜೆ ಕುಬ್ಬೂಸ್, ಅಂದರೆ ಇಲ್ಲಿನ ದಪ್ಪ ರೊಟ್ಟಿ, ತಿನ್ನುತ್ತಾ ಕೆಸುವಿನೆಲೆಯ ಪತ್ರೊಡೆ ತಿನ್ನದೆ ಮೂರು ಆಟಿ, ಅಂದರೆ ಮೂರು ಮಳೆಗಾಲ, ಕಳೆಯಿತು ಎಂದು ಹೇಳಿದ್ದೆನಂತೆ. ನನಗೆ ನೆನಪಿಲ್ಲ. ಮುಂದಿನ ರಜೆಯಿಂದ ಬಂದ ಅವರ ಚೀಲದಲ್ಲಿ ಒಣಮೀನಿನ ಪೊಟ್ಟಣದ ಪಕ್ಕ, ಪೇಪರಿನಲ್ಲಿ ಸುತ್ತಿದ ಒಂದು ಗೆಡ್ಡೆ ಇತ್ತು.

“ನನ್ನ ಹೆಂಡತಿ ಕೊಟ್ಟದ್ದು. ನೆರೆಮನೆ ಶೆಟ್ಟಿಗಳಿಗೆ ಪ್ರತಿ ವರ್ಷ ನಮ್ಮ ಕೆಸುವೇ, ಅವರ ಪತ್ರೊಡೆ ನಮಗೆ. ಮಾಷ್ಟ್ರು ಅಲ್ಲಿ ಒಬ್ಬರೇ ಆಸೆಪಡುದು ಬೇಡ ಅಂತ.”

ಊರಿನಲ್ಲಿ ಕೆಸು ಬೆಳೆಸುವುದು ಎಂಬ ಮಾತೇ ಇಲ್ಲ. ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಇರುತ್ತದೆ. ಇಲ್ಲಿ ಅದನ್ನು ಮಗುವಿನಂತೆ ಸಾಕಬೇಕಾಯಿತು. ಬಾಲ್ಕನಿಗೆ ಇಟ್ಟರೆ ಮಧ್ಯಾಹ್ನದ ಗಾಳಿಗೆ ಎಲೆ ಹಪ್ಪಳವಾಗುತ್ತಿತ್ತು. ಒಳಗಿಟ್ಟರೆ ಏಸಿಯ ಒಣ ಗಾಳಿಗೆ ಅಂಚು ಕಂದುತ್ತಿತ್ತು. ಪೇಂಟಿನ ಬಕೆಟ್ಟಿನಲ್ಲಿ ನೆಟ್ಟು, ಕಿಟಕಿಯ ಬಳಿ ಏಸಿಯ ಗಾಳಿ ತಾಗದ ಮೂಲೆ ಹುಡುಕಿ, ಒದ್ದೆ ಬಟ್ಟೆಯಿಂದ ಎಲೆ ಒರೆಸಿದೆವು. ನಲ್ಲಿ ನೀರು ಹಾಕಿದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕೂರುತ್ತದೆಂದು ಹಮೀದಾಕ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಡಬ್ಬದಲ್ಲಿ ಹಿಡಿದು ಹಾಕುತ್ತಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಇಬ್ಬರೂ ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದೆವು. ಇಲ್ಲಿ ನಾನು ಅಷ್ಟು ತಾಳ್ಮೆಯಿಂದ ನಿಂತದ್ದು ಇನ್ನಾವುದರ ಮುಂದೆಯೂ ಅಲ್ಲ.

ನವೆಂಬರಿನಲ್ಲಿ ಆರು ಎಲೆಗಳಾದವು. ಹಿಟ್ಟು ಸವರಿ ಸುತ್ತಿದರೆ ಒಂದು ಸುರುಳಿಗೆ ಸಾಕು. ಬರುವ ಶುಕ್ರವಾರ, ರಜೆಯ ದಿನ, ಪತ್ರೊಡೆ ಎಂದು ತೀರ್ಮಾನವಾಯಿತು. ಹಮೀದಾಕ ಅಕ್ಕಿ, ಹುಣಸೆಹುಳಿ ತಂದಿಟ್ಟರು. “ಹುಳಿ ಕಡಿಮೆ ಹಾಕ್ಬೇಡಿ ಮಾರಾಯ್ರೆ. ಗಂಟಲು ತುರಿಸಿದ್ರೆ ನನ್ನ ಹೆಂಡತಿಗೆ ಕೆಟ್ಟ ಹೆಸರು.”

ಆ ವಾರ ಚಳಿ ಶುರುವಾಯಿತು. ಏಸಿ ನಿಂತಿತು, ತೊಟ್ಟಿಕ್ಕುವ ನೀರೂ ನಿಂತಿತು. ಬುಧವಾರ ಬೆಳಿಗ್ಗೆ ಮಣ್ಣು ಒಣಗಿತ್ತು. ಕಚೇರಿಯ ಫೋನು ಕಿವಿಯಲ್ಲಿತ್ತು. ಬೇಸಿಗೆಯ ಅಭ್ಯಾಸದಂತೆ ಕೆಂಪು ನಲ್ಲಿಯ ಕೆಳಗೆ ಚೊಂಬು ಹಿಡಿದು ಎರಡು ಚೊಂಬು ಸುರಿದೆ. ಉಗಿ ಎದ್ದಿರಬೇಕು. ನಾನು ನೋಡಲಿಲ್ಲ, ಅಥವಾ ನೋಡಿಯೂ ನನಗೆ ಅರ್ಥವಾಗಲಿಲ್ಲ.

ಸಂಜೆ ಬರುವಾಗ ಆರು ಎಲೆಗಳೂ ಬಕೆಟ್ಟಿನ ಅಂಚಿಗೆ ಜೋತುಬಿದ್ದಿದ್ದವು. ಹಮೀದಾಕ ಅದರ ಎದುರು ಕುಕ್ಕರಗಾಲಿನಲ್ಲಿ ಕೂತಿದ್ದರು.

“ಹೀಟರ್ ಹಾಕಿದ್ದು ಯಾರು?” ಎಂದೆ.

“ನಾನು. ನಿನ್ನೆ. ನಿಮಗೆ ಹೇಳಿದ್ದೇನಲ್ಲ?”

“ಹೇಳಿಲ್ಲ.”

“ಹೇಳಿದ್ದೇನೆ ಮಾಷ್ಟ್ರೇ.”

“ಸುಮ್ಮನೆ ಹೇಳಿದ್ದೇನೆ ಅಂದರೆ ಆಯಿತಾ? ಸಾಕ್ಷಿ ಏನುಂಟು?”

ತರಗತಿಯಲ್ಲಿ ನಾನು ಹೀಗೆಯೇ ಕೇಳುತ್ತಿದ್ದೆ. ಯಾವುದನ್ನೂ ಸಾಕ್ಷಿಯಿಲ್ಲದೆ ಒಪ್ಪಬೇಡಿ ಎಂದು ಮಕ್ಕಳಿಗೆ ಹೇಳಿ ಹೆಮ್ಮೆಪಟ್ಟವನು. ಹಮೀದಾಕ ನನ್ನ ಮುಖವನ್ನೇ ನೋಡಿದರು. “ನನ್ನ ಮನೆಯ ಗೆಡ್ಡೆಯನ್ನು ನಾನೇ ಬೇಯಿಸ್ತೇನಾ?” ಎಂದರು. ಆಮೇಲೆ ಮೆಲ್ಲಗೆ, “ಬಿಸಾಡ್ಬೇಡಿ. ಬದಿಯಿಂದ ಮರಿ ಬಂದರೂ ಬರಬಹುದು.”

ನಾನು ಬಕೆಟ್ಟು ಎತ್ತಿಕೊಂಡು ಹೋಗಿ ಬೀದಿಯ ಕಸದ ತೊಟ್ಟಿಗೆ ಬೋರಲು ಹಾಕಿದೆ. ಮರಳಿ ಬಂದಾಗ ಹಮೀದಾಕ ನೆನೆಸಲು ತೆಗೆದಿಟ್ಟಿದ್ದ ಅಕ್ಕಿಯನ್ನು ಡಬ್ಬಕ್ಕೆ ವಾಪಸು ತುಂಬುತ್ತಿದ್ದರು. “ಖಲ್ಲಿ ವಲ್ಲಿ,” ಎಂದರು. ಇಲ್ಲಿನ ಅರಬಿಯಲ್ಲಿ ‘ಹೋಗಲಿ ಬಿಡು’ ಎಂಬ ಅರ್ಥ. ಸಾಮಾನ್ಯವಾಗಿ ನಗುತ್ತಾ ಹೇಳುವ ಮಾತು. ಅವರು ನಗಲಿಲ್ಲ.

ಮುಂದಿನ ತಿಂಗಳು ಅವರು ಅಸ್ಕರ್ ಎಂಬಲ್ಲಿನ ಕಂಪನಿಯ ಕೋಣೆಗೆ ಬಿಡಾರ ಬದಲಿಸಿದರು. ಕೆಲಸದ ಜಾಗಕ್ಕೆ ಹತ್ತಿರ ಎಂದರು. ನಾನೂ ಹೌದೆಂದೆ. ಇಷ್ಟು ಚಿಕ್ಕ ದೇಶದಲ್ಲಿ ಅದು ದೂರವೇನಲ್ಲ. ಆದರೂ ನಾನು ಹೋಗಲಿಲ್ಲ, ಅವರ ಹೆಸರನ್ನು ಫೋನಿನಲ್ಲಿ ಕೆಳಗೆ ಕೆಳಗೆ ಇಳಿಯಲು ಬಿಟ್ಟೆ.

ಈ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಈಗ ಅಲ್ಲಿನ ಬಚ್ಚಲಿಗೂ ಹೀಟರ್ ಬಂದಿದೆ; ತಣ್ಣೀರಿಗೆಂದು ಕೈ ತಾನಾಗಿ ಕೆಂಪು ನಲ್ಲಿಗೆ ಹೋಯಿತು, ಬೆರಳು ಸುಟ್ಟಿತು. ಅಕ್ಕ ಹೊರಗಿನಿಂದ ನಕ್ಕಳು: “ಇವನಿಗೆ ನಮ್ಮ ನೀರೂ ಮರೆತುಹೋಯಿತು.” ಇಲ್ಲಿಗೆ ಮರಳಿದ ಮೊದಲ ಬೆಳಿಗ್ಗೆ ಅದೇ ಕೈ ನೀಲಿ ನಲ್ಲಿಗೆ ಹೋಯಿತು, ಮತ್ತೆ ಸುಟ್ಟಿತು. ಈಗ ಎರಡೂ ಕಡೆ ಮೊದಲು ಒಂದು ಬೆರಳಿಟ್ಟು ನೋಡುತ್ತೇನೆ. ಎರಡೂ ಕಡೆ ಅತಿಥಿಯ ಹಾಗೆ.

ಹೋದ ವಾರ ಅಕ್ಕನಿಗೆ ತೋರಿಸಲೆಂದು ಆ ಆರೆಲೆಯ ಚಿತ್ರ ಹುಡುಕಿದೆ. ಅದನ್ನು ತೆಗೆದು ಕಳಿಸಿದ್ದು ಹಮೀದಾಕ. ಅವರ ಹೆಸರು ತೆರೆದು ಮೇಲಕ್ಕೆ ಎಳೆಯುತ್ತಾ ಹೋದಾಗ ಚಿತ್ರದ ಕೆಳಗೆ ಒಂದು ಧ್ವನಿ ಸಂದೇಶ ಕಂಡಿತು. ಒತ್ತಿದೆ. ಹಿಂದೆ ಗಾಡಿಯ ಇಂಜಿನ್ನಿನ ಸದ್ದು, ಮೇಲೆ ಅವರ ಧ್ವನಿ:

“ಮಾಷ್ಟ್ರೇ, ಹೀಟರ್ ಹಾಕಿದ್ದೇನೆ. ನಾಳೆ ಕೆಸುವಿಗೆ ಕೆಂಪು ನಲ್ಲಿ ನೀರು ಹಾಕ್ಬೇಡಿ, ಆಯ್ತಾ?”

ಕೇಳದೆ ಬಿಟ್ಟ ಸಂದೇಶದ ಮೈಕಿನ ಗುರುತು ಬೇರೆ ಬಣ್ಣದಲ್ಲಿರುತ್ತದೆ, ಕೇಳಿದ ಮೇಲೆ ನೀಲಿಯಾಗುತ್ತದೆ. ಅದು ಬಂದದ್ದು ಆ ವಾರದ ಮಂಗಳವಾರ ಸಂಜೆ. ನಾನು ಒತ್ತುವ ಮೊದಲೇ ಅದು ನೀಲಿಯಾಗಿತ್ತು.