ಗಿರಣಿಗಿಂತ ಮೊದಲು ಏಳುವ ಕಂಪ್ಯೂಟರ್

ಸಿಂಧನೂರಿನ ಅಕ್ಕಿ ಗಿರಣಿಗಳು ಇನ್ನೂ ಎದ್ದಿಲ್ಲ. ಅವು ಎದ್ದರೆ ವೋಲ್ಟೇಜ್ ಬೀಳುತ್ತದೆ, ಕಂಪ್ಯೂಟರ್ ಕಣ್ಣು ಮುಚ್ಚುತ್ತದೆ. ಅದಕ್ಕೇ ಶಂಶಾದ್‌ಬೀ ನಸುಕಿನಲ್ಲೇ ಬೀಜ ಕಂಪನಿಯ ಕಚೇರಿಯ ಬೀಗ ತೆಗೆದು, ಫ್ಲಾಪಿಯ ಮೇಲಿನ ದೂಳು ಊದಿ ಒಳಗೆ ತಳ್ಳುತ್ತಾರೆ.

"ಮಾತಾಡಬ್ಯಾಡ್ರಿ ಅಕ್ಕಾರ, ಓದಾಕತ್ತದ," ಎನ್ನುತ್ತಾರೆ, ವರದಿ ಬರೆಯಲು ಬಂದ ನನಗೆ.

ಫ್ಲಾಪಿಯಲ್ಲಿರುವುದು ಅಂಕಿಅಂಶದ ತಂತ್ರಾಂಶ. ವಳಕಮದಿನ್ನಿಯ ಹೊಲದಲ್ಲಿ ಆರು ಭತ್ತದ ತಳಿಗಳನ್ನು, ಒಂದೊಂದನ್ನೂ ನಾಲ್ಕು ಕಡೆ ನಾಟಿ ಮಾಡಿದ್ದರು. ಇಳುವರಿಯ ಹೆಚ್ಚುಕಡಿಮೆ ತಳಿಯ ಗುಣವೋ, ಬರೀ ನೆಲ-ನೀರಿನ ಆಟವೋ ಎಂದು ಅದು ಬೇರ್ಪಡಿಸಿ ಹೇಳುತ್ತದೆ. ತಜ್ಞರು ಇದನ್ನು ಅನೋವಾ ಎನ್ನುತ್ತಾರೆ.

ಶಂಶಾದ್‌ಬೀ ಮಸ್ಕಿಯವರು, ಲಿಂಗಸುಗೂರಿನಲ್ಲಿ ಟೈಪಿಂಗ್ ಕಲಿತವರು. ಕಳೆದ ವರ್ಷ, 1992ರ ಸುಗ್ಗಿಯಲ್ಲಿ, ಆರೂ ತಳಿಗಳು ಒಂದೇ ಎಂದಿತ್ತು ತಂತ್ರಾಂಶ. ಮ್ಯಾನೇಜರು ಇವರ ಬೆರಳುಗಳನ್ನೇ ಅನುಮಾನಿಸಿದರು. ಮತ್ತೆ ಟೈಪ್ ಮಾಡಿದರೂ ಅದೇ ಉತ್ತರ. ಈ ಸಲವೂ ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದಾರೆ.

ಕೊನೆಗೆ ಇವರು ಹೊಲಕ್ಕೇ ಹೋಗಿ ಕೇಳಿದರು. ಕೊಯ್ಲಿನ ಹೆಂಗಸರ ಮುಂದಾಳು ಆದಮ್ಮ ಅಳುಕಿಲ್ಲದೆ ಹೇಳಿದರು: "ಹೌದ ಬೇ, ಒಂದು ಗುಡ್ಡಿ ದೊಡ್ಡದು, ಒಂದು ಸಣ್ಣದು ಇದ್ರ ಛಲೋ ಕಾಣತದೇನು? ಪಾಪ ಅನಿಸ್ತು. ಇದರಾಗಿಂದ ಅದಕ ಹಾಕಿ ಸಮ ಮಾಡೀವಿ." ಕೂಲಿಯ ಭತ್ತ ಹಂಚಿಕೊಳ್ಳುವಾಗ ಅವರು ಯಾವಾಗಲೂ ಮಾಡುವುದು ಅದನ್ನೇ.

ಈ ಸಲ ಕೊಯ್ಲು, ಒಕ್ಕಣೆ, ತೂಕ ಮುಗಿಯುವವರೆಗೂ ಶಂಶಾದ್‌ಬೀ ಬದು ಬಿಟ್ಟು ಏಳಲಿಲ್ಲ. "ಬಾಣಂತಿ ಕಾದಂಗ ಕಾದೀನ್ರಿ. ನೀರು ಕುಡಿಯಾಕ ಹೋದ್ರೂ ಹಿಂದಕ್ಕ ತಿರುಗಿ ನೋಡತಿದ್ದೆ."

ಇವತ್ತು ಆದಮ್ಮನೂ ಬಂದು ಹೊಸ್ತಿಲಲ್ಲಿ ಕುಳಿತಿದ್ದಾರೆ. ಎಲೆ ಅಡಿಕೆ ಬಾಯಿಗೆ ಹೋಗದೆ ಕೈಯಲ್ಲೇ ಉಳಿದಿದೆ. ದೂರದಲ್ಲಿ ಮೊದಲ ಗಿರಣಿ ಕೆಮ್ಮುತ್ತದೆ. ದೀಪ ಮಂಕಾಗುತ್ತದೆ. ಶಂಶಾದ್‌ಬೀ ಮೇಜಿನ ಅಂಚು ಹಿಡಿಯುತ್ತಾರೆ. ನನ್ನ ಪೆನ್ನೂ ನಿಲ್ಲುತ್ತದೆ. ಅಷ್ಟರಲ್ಲಿ ಪ್ರಿಂಟರ್ ಕರಕರ ಎನ್ನುತ್ತದೆ.

"ಬ್ಯಾರೆ ಬ್ಯಾರೆ ಬಂದಾವ!"

"ಹಿಂದ ಬಿದ್ದದ್ದು ಯಾವುದು?" ಆದಮ್ಮ ಕೇಳುತ್ತಾರೆ.

"ಮೂರನೇದು."

"ಪಾಪ."

"ಸುಮ್ನಿರು ಬೇ! ಹೋದ ವರ್ಷ ನಿನ್ನ ಈ ಪಾಪಾನ ನನ್ನ ನೌಕರಿ ತಿಂತಿತ್ತು." ನಗುತ್ತಲೇ ಶಂಶಾದ್‌ಬೀ ಕಣ್ಣೊರೆಸಿಕೊಳ್ಳುತ್ತಾರೆ. ಕಾಗದ ಪ್ರಿಂಟರಿನಿಂದ ನೆಲದವರೆಗೆ ಜೋತುಬಿದ್ದಿದೆ. ಕಿತ್ತು ತೋರಿಸಿ ಎನ್ನುತ್ತೇನೆ. ಅವರು ಅಡ್ಡಡ್ಡ ತಲೆಯಾಡಿಸುತ್ತಾರೆ.

"ನಾ ಹರಿಯಂಗಿಲ್ರಿ. ಮ್ಯಾನೇಜರ್ ಸಾಹೇಬ್ರು ಬಂದು, ತಮ್ಮ ಕೈಲೆ ಹರ್ಕೊಳ್ಳಲಿ."